ಬಾಲ ಉದ್ದದ ಎರಡು ಒಂಬತ್ತು

ಜಡಿಮಳೆ ಹಿಡಿದು ಹೀಗೆ ಜಗಲಿ ಮೇಲೆ ಕೂತಾಗೆಲ್ಲ ನನಗೆ ಮಿಂಟೋ ಆಸ್ಪತ್ರೆಯ ಆ ಹತ್ತು ಹನ್ನೆರಡು ದಿನ ನೆನಪಾಗುತ್ತವೆ. ಯಾವ ವರ್ಷ ಅಂತ ಕೇಳಬೇಡಿ. ಬೆಂಗಳೂರಿನ ಸಿಟಿ ಬಸ್ಸನ್ನು ಆಗಿನ್ನೂ ಬಿಟಿಎಸ್ ಅನ್ನುತ್ತಿದ್ದರು. ಅದು ಬಿಎಂಟಿಸಿ ಆಗಿದ್ದು 1997ರಲ್ಲಿ. ನಾನು ಹೇಳುತ್ತಿರುವುದು ಅದಕ್ಕಿಂತ ಎಷ್ಟೋ ಮುಂಚಿನ ಮಾತು. ಶ್ರಾವಣ ಅನ್ನುವುದು ಮಾತ್ರ ಖಂಡಿತ. ಮಾರ್ಕೆಟ್ಟಿನಲ್ಲಿ ಹೂವಿನ ಬೆಲೆ ಕೇಳಿ ಎದೆ ಧಸಕ್ಕೆಂದಿದ್ದು ಚೆನ್ನಾಗಿ ನೆನಪಿದೆ.

ಅಪ್ಪಯ್ಯನ ಕಣ್ಣಿಗೆ ಪೊರೆ ಬಂದಿತ್ತು. ಈಗಿನ ಹಾಗೆ ಬೆಳಿಗ್ಗೆ ಹೋಗಿ ಸಂಜೆ ಮನೆಗೆ ಬರುವ ಆಪರೇಷನ್ ಅಲ್ಲ ಅದು. ಹೊಲಿಗೆ ಹಾಕಿ, ಪಟ್ಟಿ ಕಟ್ಟಿ, ತಲೆ ಅಲುಗಿಸಬಾರದು, ಕೆಮ್ಮಬಾರದು, ಬಗ್ಗಬಾರದು ಅಂತ ದಿನಗಟ್ಟಲೆ ಮಲಗಿಸುತ್ತಿದ್ದರು. ಆಮೇಲೆ ಸೋಡಾ ಬಾಟಲಿಯ ತಳದಂಥ ದಪ್ಪ ಕನ್ನಡಕ. ತೀರ್ಥಹಳ್ಳಿ ಕಡೆಯ ತೋಟದಲ್ಲಿ ಒಂದು ಗಳಿಗೆ ಸುಮ್ಮನೆ ಕೂರದ ಮನುಷ್ಯ, ಆ ದೊಡ್ಡ ವಾರ್ಡಿನಲ್ಲಿ ಅಂಗಾತ ಮಲಗಿ, ಅಕ್ಕಪಕ್ಕದ ಮಂಚದವರ ಊರು, ಬೆಳೆ, ಮಕ್ಕಳ ಮದುವೆ ಎಲ್ಲ ವಿಚಾರಿಸಿಕೊಳ್ಳುತ್ತಿದ್ದರು.

ನಾನು ಉಳಿದುಕೊಂಡಿದ್ದು ಹನುಮಂತನಗರದ ಅತ್ತೆ ಮನೆಯಲ್ಲಿ. ಅತ್ತೆ ಬೆಳಿಗ್ಗೆಯೇ ಮೆತ್ತಗೆ ಅನ್ನ ಮಾಡಿ, ಹೆಸರುಬೇಳೆ ತೊವ್ವೆ ಮಾಡಿ, ಮೂರು ಅಟ್ಟದ ಕ್ಯಾರಿಯರಿಗೆ ತುಂಬಿಸುತ್ತಿದ್ದರು. ಖಾರ ಹಾಕುತ್ತಿರಲಿಲ್ಲ, ಅಣ್ಣನಿಗೆ ಕೆಮ್ಮು ಬಂದೀತು ಅಂತ. ಒಗ್ಗರಣೆಗೆ ಇಂಗು ಮಾತ್ರ ಧಾರಾಳ. ಬಸ್ಸಿನಲ್ಲಿ ನಾನು ನಿಂತ ಕಡೆಯೆಲ್ಲ ಆ ಇಂಗಿನ ಘಮ.

ಊರಿಂದ ಹೊರಡುವಾಗ ಅಮ್ಮ ನನ್ನ ಚಡ್ಡಿಯ ಒಳಗೊಂದು ಜೇಬು ಹೊಲಿದು ಕೊಟ್ಟಿದ್ದರು. ಬೆಂಗಳೂರಲ್ಲಿ ಕಣ್ಣು ಮುಚ್ಚಿ ತೆರೆಯುವುದರೊಳಗೆ ಕತ್ತರಿ ಹಾಕುತ್ತಾರೆ, ಯಾರನ್ನೂ ನಂಬಬೇಡ, ಅಂತ ಊರಿಗೆ ಊರೇ ಹೇಳಿ ಕಳಿಸಿತ್ತು. ಆ ದಿನ ಮಾವ ಔಷಧಿಗೆ ಅಂತ ಕೊಟ್ಟಿದ್ದು ನೂರರ ಒಂದು ನೋಟು. ಚಿಲ್ಲರೆಯೆಲ್ಲ ಹಿಂದಿನ ದಿನವೇ ಖರ್ಚಾಗಿತ್ತು. ಬಸ್ಸು ಬಂದಾಗ ಹಿಂದಿನ ಬಾಗಿಲಿನ ಫುಟ್‌ಬೋರ್ಡಿನಲ್ಲಿ ಒಂದು ಕಾಲಿಡುವಷ್ಟು ಜಾಗ ಸಿಕ್ಕಿತು, ಅಷ್ಟೆ. ಕಂಡಕ್ಟರ್ ಎಲ್ಲೋ ಮುಂದೆ, ತಲೆಗಳ ಆಚೆ.

“ಟಿಕೆಟ್ ಪಾಸ್ ಮಾಡಿ” ಅಂತ ಕೂಗು ಬಂತು. ನೋಟನ್ನು ಎದುರಿನವರ ಕೈಗೆ ಕೊಟ್ಟೆ. ಕೊಟ್ಟಮೇಲೆ ಅದರ ಮೇಲಿಂದ ಕಣ್ಣು ತೆಗೆಯಲಿಲ್ಲ. ಮೊದಲು ಉಗುರಿನ ಸಂದಿಯಲ್ಲಿ ಪ್ರೆಸ್ಸಿನ ಮಸಿ ಕೂತಿದ್ದ ಕೈ. ಅಲ್ಲಿಂದ ಸುಣ್ಣ ಕಚ್ಚಿ ಬಿರಿದ ಕೈ. ಆಮೇಲೆ ಪುಸ್ತಕ ಅವಚಿಕೊಂಡ ಹುಡುಗನೊಬ್ಬನ ಕೈ. ಅದರಾಚೆಗೆ ಕಾಣಲಿಲ್ಲ. ಯಾರೂ ಯಾರ ಮುಖವನ್ನೂ ನೋಡುತ್ತಿರಲಿಲ್ಲ. ಸ್ವಲ್ಪ ಹೊತ್ತಿಗೆ ಅದೇ ಕೈಗಳ ದಾರಿಯಲ್ಲಿ ಟಿಕೆಟ್ ವಾಪಸು ಬಂತು. ಹಿಂದುಗಡೆ ಪೆನ್ಸಿಲಿನಲ್ಲಿ 99-25 ಅಂತ ಬರೆದಿತ್ತು. ಚಿಲ್ಲರೆ ಇಲ್ಲ, ಇಳಿಯುವಾಗ ಇಸ್ಕೋ, ಅಂತ ಅರ್ಥ.

ಮಾರ್ಕೆಟ್ ಬಂತು. ಇಳಿಯುವವರು ನೂಕಿದ ನೂಕಿಗೆ ನಾನೂ ನೆಲಕ್ಕೆ ಬಂದೆ. ಕ್ಯಾರಿಯರ್ ಬೀಳದ ಹಾಗೆ ಹಿಡಿದುಕೊಳ್ಳುವುದರಲ್ಲೇ ಇದ್ದೆ. “ರೈಟ್ ರೈಟ್” ಅಂದಿದ್ದು ಕೇಳಿಸಿತು, ಬಸ್ಸು ಮೆಜೆಸ್ಟಿಕ್ ಕಡೆ ಹೊರಟೇಹೋಯಿತು. ಆಗ ನೆನಪಾಯಿತು. ಒಂದಷ್ಟು ದೂರ ಓಡಿದೆ. ತುಂತುರು ಮಳೆ, ಕಾಲಡಿ ಕೊಳೆತ ಕೋಸಿನೆಲೆ, ಎದುರಿಗೆ ಎತ್ತಿನ ಗಾಡಿ. ನಿಂತುಬಿಟ್ಟೆ.

ಅಲ್ಲೇ ಹೂವು ಮಾರುತ್ತಿದ್ದ ಒಬ್ಬ ಅಜ್ಜಿ ನನ್ನ ಮುಖ ನೋಡಿ, “ಏನಾಯ್ತು ಮಗಾ?” ಅಂದಳು. ಹೇಳಿದೆ. ಟಿಕೆಟ್ ಇಸಿದುಕೊಂಡು ತಿರುಗಿಸಿ ನೋಡಿದಳು. ಅವಳಿಗೆ ಓದು ಬರುತ್ತಿತ್ತೋ ಇಲ್ಲವೋ, ನಾನು ಕೇಳಲಿಲ್ಲ. “ಬರ್ದವ್ನೆ ಅಂದ್ಮೇಲೆ ಕೊಡ್ತಾನೆ. ಅದೇ ಬಸ್ಸು ಇದೇ ದಾರೀಲಿ ವಾಪಸ್ ಬರ್ಬೇಕಲ್ಲ, ಕೂತ್ಕೋ” ಅಂತ ತನ್ನ ಟಾರ್ಪಾಲಿನ ಕೆಳಗೆ ಜಾಗ ಮಾಡಿಕೊಟ್ಟಳು. ಟೀ ಹುಡುಗನನ್ನು ಕರೆದು ಅರ್ಧ ಟೀ ಕೊಡಿಸಿದಳು. ಶುಂಠಿ ಜಾಸ್ತಿ ಹಾಕಿದ್ದ ಟೀ, ಬಾಯಿ ಸುಟ್ಟಿತು.

ಆ ಅಜ್ಜಿ ಹೂ ಅಳೆಯುವುದನ್ನು ನೋಡುತ್ತಾ ಕೂತೆ. ಮೊಣಕೈಯಿಂದ ಬೆರಳ ತುದಿವರೆಗೆ ಒಂದು ಮೊಳ ಅಳೆದು, ಅದರ ಮೇಲೆ ನಾಲ್ಕು ಬೆರಳು ಇಟ್ಟು, ಅಲ್ಲಿಗೆ ದಾರ ಕಡಿಯುತ್ತಿದ್ದಳು. ಬಂದವರಿಗೆಲ್ಲ ಹಾಗೇ. ಯಾಕಜ್ಜಿ ಅಂದೆ. “ನನ್ ಕೈ ಗಿಡ್ಡ ಕಣಪ್ಪ. ತಕ್ಕೊಳ್ಳೋರ್ ಮೊಳ ಅಷ್ಟುದ್ದ ಇರ್ತದಲ್ಲ” ಅಂದಳು. ಅದೂ ಮಲ್ಲಿಗೆಗೆ ಬೆಂಕಿ ಬೆಲೆ ಇದ್ದ ಶ್ರಾವಣದಲ್ಲಿ. ಈಗಲೂ ಯಾರಾದರೂ ಹೂವು ಅಳೆಯುವಾಗ ನನ್ನ ಕಣ್ಣು ಆ ನಾಲ್ಕು ಬೆರಳಿಗಾಗಿ ಹುಡುಕುತ್ತದೆ.

ಎಷ್ಟು ಹೊತ್ತು ಕೂತಿದ್ದೆನೋ. ಒಂದು ಗಂಟೆ ಇರಬಹುದು. ಬಸ್ಸು ಎದುರಿನ ಸ್ಟಾಪಿಗೆ ಬಂದು ನಿಂತಿತು. ನಾನು ರಸ್ತೆ ದಾಟುವ ಮೊದಲೇ ಕಂಡಕ್ಟರ್ ಕೆಳಗಿಳಿದು, “ನೀಲಿ ಸ್ವೆಟರ್, ಊಟದ ಕ್ಯಾರಿಯರ್! ಯಾರಪ್ಪಾ?” ಅಂತ ಕೂಗುತ್ತಿದ್ದರು. ಮುಂಚಿನವರ ಡ್ಯೂಟಿ ಮೆಜೆಸ್ಟಿಕ್ಕಿನಲ್ಲಿ ಮುಗಿದಿತ್ತಂತೆ. ಬಸ್ಸಿಗೆ ಬಸ್ಸನ್ನೇ ಕೇಳಿದರಂತೆ, ನೂರರ ನೋಟು ಕಳಿಸಿದವರು ಯಾರು ಅಂತ. ಬಾಗಿಲ ಹತ್ತಿರ ನಿಂತಿದ್ದವರು ನನ್ನ ಗುರುತು ಹೇಳಿದ್ದಾರೆ. ಸ್ವೆಟರಿನ ಬಣ್ಣ, ಕ್ಯಾರಿಯರ್, ಇಂಗಿನ ವಾಸನೆ ಕೂಡ! ನನ್ನನ್ನು ಒಬ್ಬರೂ ನೋಡಿಲ್ಲ ಅಂದುಕೊಂಡಿದ್ದೆ ನಾನು.

ಕಾಗದದ ಚೂರಿನಲ್ಲಿ ಮಡಿಸಿಟ್ಟ ದುಡ್ಡನ್ನು ನನ್ನ ಎದುರೇ ಎಣಿಸಿದರು. ಹತ್ತರವು, ಐದರವು, ಕೊನೆಗೆ ಇಪ್ಪತ್ತೈದು ಪೈಸೆಯ ಒಂದು ಪಾವಲಿ. ಟಿಕೆಟ್ ಇಸಿದುಕೊಂಡು, 99-25ರ ಮೇಲೆ ಗೀಟು ಎಳೆದು, ಹರಿದು ಹಾಕಿ, “ರೈಟ್ ರೈಟ್” ಅಂತ ಹತ್ತಿಕೊಂಡರು.

ಅಜ್ಜಿ ಹತ್ತಿರ ಒಂದು ಮೊಳ ಮಲ್ಲಿಗೆ ಕೊಂಡೆ. ಟೀ ದುಡ್ಡು ಕೊಡಹೋದರೆ ಬೇಡವೇ ಬೇಡ ಅಂದಳು. ವಾರ್ಡಿಗೆ ಹೋಗುವಷ್ಟರಲ್ಲಿ ತೊವ್ವೆ ತಣ್ಣಗಾಗಿತ್ತು. ಅಪ್ಪಯ್ಯ ಪಟ್ಟಿಯೊಳಗಿಂದಲೇ, “ಮಲ್ಲಿಗೆ ತಂದ್ಯಾ? ಯಾಕೋ ತಡ?” ಅಂದರು. ನಡೆದಿದ್ದನ್ನು ಎರಡು ಸಲ ಹೇಳಿಸಿಕೊಂಡರು. ಎರಡನೇ ಸಲ ಪಕ್ಕದ ಮಂಚದವರಿಗೂ ಕೇಳುವ ಹಾಗೆ.

ಡಿಸ್ಚಾರ್ಜ್ ಆದ ದಿನ ಹಟ ಹಿಡಿದರು. ಆ ಮೊದಲನೇ ಕಂಡಕ್ಟರಿಗೆ ಒಂದು ಮಾತು ಹೇಳದೆ ಊರಿಗೆ ಹೋಗುವುದಿಲ್ಲ ಅಂತ. ಮಾರ್ಕೆಟ್ ಸ್ಟಾಪಿನಲ್ಲಿ ಕೊಡೆ ಹಿಡಿದು ನಿಂತೆವು. ಕಣ್ಣಿಗೆ ಹಸಿರು ಬಟ್ಟೆ ಇಳಿಬಿಟ್ಟುಕೊಂಡು, ನನ್ನ ರಟ್ಟೆ ಹಿಡಿದು, ಬಸ್ಸು ಬಂದಾಗಲೆಲ್ಲ “ಇವರಾ?” ಅಂತ ಕೇಳುವರು. ನಾನು ಆ ಮನುಷ್ಯನ ಮುಖ ನೋಡಿದ್ದರೆ ತಾನೆ? ಕಂಡಿದ್ದು ಟಿಕೆಟ್ಟಿನ ಹಿಂದೆ ಬಾಲ ಉದ್ದಕ್ಕೆ ಎಳೆದು ಬರೆದ ಎರಡು ಒಂಬತ್ತು ಮಾತ್ರ. ಹಾಗಂತ ಹೇಳಿದೆ. ಮೂರು ಬಸ್ಸು ಹೋದವು. ಮಳೆ ಜೋರಾಯಿತು.

“ಇನ್ನೊಂದು ಬಸ್ ನೋಡೋಣ” ಅಂದರು ಅಪ್ಪಯ್ಯ.