ಬೆಟದೂರಿಗೆ ಎರಡು ಸಲ ಬಂದ ಸುದ್ದಿ

2016ರ ಫೆಬ್ರುವರಿ 9. ಕುಂದಗೋಳ ತಾಲ್ಲೂಕಿನ ಬೆಟದೂರಿನಲ್ಲಿ, ಲ್ಯಾನ್ಸ್ ನಾಯಕ್ ಹನುಮಂತಪ್ಪ ಕೊಪ್ಪದರ ಮನೆಯ ಮುಂದೆ ನಿಂತಿದ್ದೀರಿ. ಅವರು ಇನ್ನಿಲ್ಲವೆಂದು ಈ ಮನೆ ಅತ್ತು ದಿನಗಳೇ ಆಗಿವೆ. 3ರಂದು ಸಿಯಾಚಿನ್‌ನ ಸೋನಂ ಠಾಣೆಯ ಮೇಲೆ ಹಿಮ ಕುಸಿದು 19ನೇ ಮದ್ರಾಸ್ ಪಡೆಯ ಹತ್ತು ಮಂದಿ ಹೂತುಹೋಗಿದ್ದರು. ಮರುದಿನವೇ ಪ್ರಧಾನಿಯ ಸಂತಾಪವೂ ಬಂದಿತ್ತು.

ಈಗ ಓಣಿ ತುಂಬ ಒಂದೇ ಮಾತು: ಬದುಕ್ಯಾನಂತ! ಸುಮಾರು 25 ಅಡಿ ಹಿಮದಡಿಯಿಂದ, ಆರು ದಿನಗಳ ಮೇಲೆ, ಉಸಿರಿರುವಾಗಲೇ ತೆಗೆದಿದ್ದಾರೆ. ಟಿವಿಯವರು ಅಂಗಳಕ್ಕೆ ನುಗ್ಗುತ್ತಾರೆ. ನೀವು ಪಕ್ಕಕ್ಕೆ ಸರಿದು ದಾರಿ ಬಿಡಿ. ಅವರನ್ನು ಒಯ್ದಿರುವ ದೆಹಲಿಯ ಆಸ್ಪತ್ರೆಗೆ ಮನೆಯವರು ಹೊರಡಬೇಕು, ಪುಟ್ಟ ಮಗಳನ್ನೂ ಕಟ್ಟಿಕೊಂಡು.

ಯೋಧ ತೀರಿಕೊಂಡ ಸುದ್ದಿ ನಮ್ಮ ಹಳ್ಳಿಗಳಿಗೆ ಹಿಂದೆ ತಂತಿಯಲ್ಲಿ ಬರುತ್ತಿತ್ತು. 2013ರ ಜುಲೈನಲ್ಲಿ ತಂತಿ ನಿಂತಿತು. ಈಗ ಹೆಚ್ಚಾಗಿ ಅವರ ಘಟಕದಿಂದಲೇ ಫೋನು. ಎತ್ತುವವನು ಅಣ್ಣನೋ ತಮ್ಮನೋ ಆಗಿದ್ದರೆ, ಅಡುಗೆಮನೆಯಲ್ಲಿರುವ ತಾಯಿಗೂ ಹೆಂಡತಿಗೂ ಹೇಳುವ ಕೆಲಸ ಅವನ ತಲೆಗೆ ಬೀಳುತ್ತದೆ. ಅಮೆರಿಕದಲ್ಲಿ ಸಮವಸ್ತ್ರದ ಇಬ್ಬರು ಬಾಗಿಲಿಗೇ ಹೋಗಿ ಹೇಳುವ ಪದ್ಧತಿ ಇದೆ. ನಮ್ಮ ಜಿಲ್ಲೆಗಳಲ್ಲೂ ಸೈನಿಕ ಕಲ್ಯಾಣ ಇಲಾಖೆಯ ಕಚೇರಿಗಳಿವೆ, ನಿವೃತ್ತ ಯೋಧರಿದ್ದಾರೆ. ಅವರಲ್ಲಿ ಒಬ್ಬರು ಕ್ಯಾಮೆರಾಗಳಿಗಿಂತ ಮುಂಚೆ ಬಂದು ಆ ತಾಯಿಯ ಪಕ್ಕ ಕೂರಬೇಕು. ಆಕೆಗೆ ಅಷ್ಟಾದರೂ ಸಲ್ಲಬೇಕು.

11ರ ಮಧ್ಯಾಹ್ನದ ಹೊತ್ತಿಗೆ ಬೆಟದೂರಿಗೆ ಎರಡನೆಯ ಸಲ ಸಾವಿನ ಸುದ್ದಿ. ದೆಹಲಿಯ ಸೇನಾ ಆಸ್ಪತ್ರೆಯಲ್ಲಿ 11:45ಕ್ಕೆ ಹನುಮಂತಪ್ಪ ತೀರಿಕೊಂಡರು. ಈ ಸಲ ಮನೆಯವರು ದೆಹಲಿಯಲ್ಲೇ ಇದ್ದರು. ಇಲ್ಲಿ ಅಳುವುದಕ್ಕೆ ಊರಿನವರಷ್ಟೇ. ಮಾರನೆಯ ದಿನ ಹುಬ್ಬಳ್ಳಿಯ ನೆಹರೂ ಮೈದಾನದಿಂದ ಬೆಟದೂರಿನವರೆಗೆ ಜನವೋ ಜನ. ಗುಂಡು ಹಾರಿಸಿ, ಗೌರವ ಸಲ್ಲಿಸಿ, ಊರ ಮಣ್ಣಿಗೇ ಒಪ್ಪಿಸಿದರು.

ನನಗೆ ಕಾಡುವುದು ಇನ್ನೆರಡು ಮನೆಗಳು. ಹಾಸನದ ತೇಜೂರು, ಮೈಸೂರು ಜಿಲ್ಲೆಯ ಎಚ್.ಡಿ. ಕೋಟೆ ಕಡೆಯ ಒಂದು ಹಳ್ಳಿ. ಅದೇ ಹಿಮದಡಿ ಅವರ ಮಕ್ಕಳೂ ಇದ್ದರು. ಬೆಟದೂರಿನವನು ಬದುಕಿದ್ದಾನೆಂದು ಕೇಳಿದ ಕ್ಷಣ ಆ ತಾಯಂದಿರು ತಮ್ಮವನ ಹೆಸರನ್ನೂ ಕಾಯದೆ ಇರಲಾರರು. ಅಲ್ಲಿಗೆ ಆ ಹೆಸರು ಬರಲಿಲ್ಲ. ಪರ್ವತದ ಹವೆ ತಿಳಿಯಾಗಿ ದೇಹಗಳು ಕೆಳಗಿಳಿದು ಊರು ಮುಟ್ಟುವ ಹೊತ್ತಿಗೆ ಹನುಮಂತಪ್ಪರನ್ನು ಮಣ್ಣು ಮಾಡಿ ದಿನಗಳಾಗಿದ್ದವು.