ಕಡಲ ನಗರಿಯಲ್ಲಿ ಒಂದು ದಿನ

‘ದೇಶ ಸುತ್ತು, ಕೋಶ ಓದು’ ಎಂಬ ಮಾತು ನಮ್ಮಲ್ಲಿ ಬಹುಕಾಲದಿಂದ ಬಳಕೆಯಲ್ಲಿದೆ. ಆದರೆ ಈ ಎರಡು ಭಾಗ್ಯಗಳೂ ಒಂದು ಮನೆಯ ಎಲ್ಲರಿಗೂ ಸಮನಾಗಿ ದೊರೆಯುವುದಿಲ್ಲ. ಪಾವಗಡದ ಕಡೆಯ ಹಳ್ಳಿಯೊಂದರ ವೃದ್ಧ ದಂಪತಿಗಳ ಬಾಳಿನಲ್ಲಿಯೂ ಹೀಗೆಯೇ ಆಗಿತ್ತು. ಯಜಮಾನರು ಅಂಚೆ ಇಲಾಖೆಯಲ್ಲಿದ್ದು ನಾಲ್ಕಾರು ಊರುಗಳನ್ನು ಕಂಡವರು. ಅವರ ಪತ್ನಿಯಾದರೋ ತವರು, ಸಂತೆ, ಜಾತ್ರೆಗಳನ್ನು ಬಿಟ್ಟು ಬೇರೆಲ್ಲಿಗೂ ಹೋದವರಲ್ಲ. ಮಳೆಗಾಗಿ ಮುಗಿಲು ನೋಡುವ ಆ ಸೀಮೆಯಲ್ಲಿ ನೀರಿನ ಕೊಡ ಹೊತ್ತು ಬಾಳು ಸವೆಸಿದ ಆ ತಾಯಿಗೆ ಒಮ್ಮೆ ಸಮುದ್ರವನ್ನು ಕಾಣಬೇಕೆಂಬ ಆಸೆಯಿತ್ತು. ಪತಿ ನಿವೃತ್ತರಾದ ಮೇಲೆ ಅದು ಕೈಗೂಡಿತು. ರಾತ್ರಿಯ ಬಸ್ಸಿನಲ್ಲಿ ಹೊರಟ ಅವರು ಮುಂಜಾನೆ ಮಂಗಳೂರಿನಲ್ಲಿ ಇಳಿದರು.

ಕನ್ನಡಿಗರ ಮಂಗಳೂರು ತುಳುವರಿಗೆ ಕುಡ್ಲ, ಕೊಂಕಣಿಗರಿಗೆ ಕೊಡಿಯಾಲ, ಬ್ಯಾರಿಗಳಿಗೆ ಮೈಕಾಲ. ಬೀದಿಯಲ್ಲಿ ನಡೆದರೆ ನಾಲ್ಕು ನುಡಿಗಳೂ ಕಿವಿಗೆ ಬೀಳುತ್ತವೆ. ನೀರುದೋಸೆಯ ಉಪಾಹಾರ ಮುಗಿಸಿ ಯಜಮಾನರು ಜೇಬಿನಿಂದ ಒಂದು ಚೀಟಿಯನ್ನು ತೆಗೆದರು. ನೋಡಬೇಕಾದ ಸ್ಥಳಗಳನ್ನೂ ಒಂದೊಂದಕ್ಕೆ ಮೀಸಲಾದ ಸಮಯವನ್ನೂ ಅದರಲ್ಲಿ ಬರೆದಿಟ್ಟಿದ್ದರು.

ಮೊದಲು ಕದ್ರಿಯ ಮಂಜುನಾಥ ದೇವಾಲಯ. ಅಲ್ಲಿಯ ಲೋಕೇಶ್ವರನ ಕಂಚಿನ ವಿಗ್ರಹಕ್ಕೆ ಮೂರು ಮುಖ, ಆರು ಕೈ. ಆಳುಪ ಅರಸ ಕುಂದವರ್ಮನು ಕ್ರಿ.ಶ. 968ರಲ್ಲಿ ಅದನ್ನು ಪ್ರತಿಷ್ಠಾಪಿಸಿದನೆಂದು ಪೀಠದ ಶಾಸನ ತಿಳಿಸುತ್ತದೆ. ಅನಂತರ ಸಂತ ಅಲೋಶಿಯಸ್ ಪ್ರಾರ್ಥನಾ ಮಂದಿರ. ಇಟಲಿಯಿಂದ ಬಂದ ಅಂತೋನಿಯೊ ಮೊಸ್ಕೆನಿ ಎಂಬ ಕಲಾವಿದ 1899ರಿಂದ 1901ರವರೆಗೆ ಅದರ ಗೋಡೆಗಳನ್ನೂ ಮೇಲ್ಛಾವಣಿಯನ್ನೂ ಚಿತ್ರಗಳಿಂದ ತುಂಬಿದ್ದಾನೆ. ಯಜಮಾನರು ಇಸವಿಗಳನ್ನು ವಿವರಿಸುತ್ತಿದ್ದರೆ ಆ ತಾಯಿ ಮೇಲೆ ನೋಡುತ್ತಾ, “ಅಲ್ಲಾರೀ, ಅಷ್ಟೆತ್ತರದಲ್ಲಿ ತಲೆಯೆತ್ತಿಕೊಂಡೇ ಬರೆದವನ ಕೊರಳು ಎಷ್ಟು ನೊಂದಿತೋ!” ಎಂದರು. ಯಜಮಾನರ ಚೀಟಿಯಲ್ಲಿ ಆ ವಿಷಯವಿರಲಿಲ್ಲ.

ಗುಡ್ಡದಿಂದ ಇಳಿಯುವಾಗ ಮರಗಳ ನಡುವೆ ಹಳೆಯ ಮನೆಗಳ ಕೆಂಪು ಮಾಡುಗಳು ಕಂಡವು. “ನಮ್ಮ ಮನೆಯ ಹೆಂಚೂ ಇಂಥದೇ ಅಲ್ಲವೆ?” ಎಂದು ಆಕೆ ಕೇಳಿದರು. ಹೌದು, ಅದು ಮಂಗಳೂರು ಹೆಂಚು. 1865ರಲ್ಲಿ ಬಾಸೆಲ್ ಮಿಷನ್ನಿನವರು ಇಲ್ಲಿ ಹೆಂಚಿನ ಕಾರ್ಖಾನೆ ತೆರೆದರು. ಜೇಡಿಮಣ್ಣನ್ನು ತಂದು, ಹದಗೊಳಿಸಿ, ಅಚ್ಚಿಗೆ ಹಾಕಿ, ಸುಟ್ಟ ಹೆಂಚುಗಳು ದೂರದ ಊರುಗಳ ಮನೆಗಳನ್ನೂ ಹೊದಿಸಿದವು. ಕಂಡಿರದ ಊರಿನ ಮಣ್ಣಿನ ನೆರಳಿನಲ್ಲಿಯೇ ಆಕೆ ಅಷ್ಟು ವರ್ಷ ಅಡುಗೆ ಮಾಡಿದ್ದರು.

ಮಧ್ಯಾಹ್ನ ಒಂದು ಸಣ್ಣ ಊಟದ ಮನೆಯಲ್ಲಿ ಇಬ್ಬರಿಗೂ ಒಟ್ಟಿಗೆ ಎಲೆ ಹಾಕಿದರು. ಭತ್ತವನ್ನು ಬೇಯಿಸಿ ಒಣಗಿಸಿ ಮಾಡಿದ ಕುಚ್ಚಲಕ್ಕಿಯ ಅನ್ನ, ತೆಂಗಿನಕಾಯಿ ಅರೆದು ಮಾಡಿದ ಬಂಗುಡೆ ಮೀನಿನ ಸಾರು, ಹರಿವೆಸೊಪ್ಪಿನ ಪಲ್ಯ. ರಾಗಿಮುದ್ದೆಯ ನಾಲಗೆಗೆ ಎಲ್ಲವೂ ಹೊಸದು. ಆದರೆ ಆ ತಾಯಿ ಕೈಯನ್ನು ಎಲೆಗೆ ಇಡದೆ ಸುಮ್ಮನೆ ಕುಳಿತಿದ್ದರು. “ಏಕೆ, ರುಚಿಸದೆ?” ಎಂದು ಯಜಮಾನರು ಕೇಳಿದರು. “ನಿಮ್ಮದು ಆಗಲಿ ಎಂದು ಕಾದೆ” ಎಂದರು ಆಕೆ. ಎಲ್ಲರೂ ಉಂಡೆದ್ದ ಮೇಲೆ ಉಳಿದುದನ್ನು ಉಣ್ಣುವುದು ನಲವತ್ತು ವರ್ಷಗಳ ರೂಢಿ. ಎಲೆ ಮುಂದಿದ್ದರೂ ಕೈ ಆ ರೂಢಿಯನ್ನು ಮೀರಲಿಲ್ಲ. ಯಜಮಾನರು ತಮ್ಮ ತುತ್ತನ್ನು ಎಲೆಗೇ ಇಳಿಸಿ, “ನೀನು ಮೊದಲು ಉಣ್ಣು” ಎಂದರು. ಬಡಿಸುವ ಹುಡುಗ ಬಂದು, “ಅಮ್ಮಾ, ಇನ್ನಷ್ಟು ಅನ್ನ ಹಾಕಲೇ?” ಎಂದು ಕೇಳಿದಾಗ ಆಕೆ ಉತ್ತರ ತೋಚದೆ ನಕ್ಕರು. ಊಟದ ಹೊತ್ತಿನಲ್ಲಿ ಆಕೆಯನ್ನು ಹಾಗೆ ಕೇಳಿದವರು ವಿರಳ.

ಇಳಿಹೊತ್ತಿಗೆ ಅವರು ಸುಲ್ತಾನ್ ಬತ್ತೇರಿಗೆ ಬಂದರು. ಶತ್ರುಗಳ ಹಡಗುಗಳು ಗುರುಪುರ ನದಿಯನ್ನು ಹೊಗದಂತೆ ಕಾಯಲು ಟಿಪ್ಪು ಸುಲ್ತಾನನು 1784ರಲ್ಲಿ ಕಟ್ಟಿಸಿದ ಕರಿಗಲ್ಲಿನ ಕಾವಲುಕೋಟೆಯಿದು. ಅಲ್ಲಿಂದ ದೋಣಿಯಲ್ಲಿ ನದಿ ದಾಟಿ ತಣ್ಣೀರುಬಾವಿಯ ಮರಳಿನಲ್ಲಿ ನಡೆದಾಗ ಸಮುದ್ರ ಎದುರಾಯಿತು.

ಆಕೆ ಮಾತನಾಡಲಿಲ್ಲ. ಬಹಳ ಹೊತ್ತು ನಿಂತು ನೋಡಿದರು. ತೆರೆ ಬಂದು ಪಾದಗಳನ್ನು ತೊಳೆದಾಗ ಬೊಗಸೆಯಲ್ಲಿ ನೀರು ತುಂಬಿ ತುಟಿಗೆ ತಂದು, “ಇಷ್ಟೊಂದು ನೀರಿದ್ದರೂ ಒಂದು ಕೊಡ ಕುಡಿಯಲು ಬಾರದಲ್ಲ!” ಎಂದು ಮರುಗಿದರು. ಚೀಟಿಯಲ್ಲಿ ಇನ್ನೂ ಎರಡು ಸ್ಥಳಗಳು ಉಳಿದಿದ್ದವು. ಯಜಮಾನರು ಅದನ್ನು ಮಡಿಸಿ ಜೇಬಿನಲ್ಲಿಟ್ಟು, ಸೂರ್ಯನು ಕಡಲಿಗಿಳಿಯುವವರೆಗೂ ಪತ್ನಿಯ ಪಕ್ಕದಲ್ಲಿ ಮರಳಿನ ಮೇಲೆ ಕುಳಿತರು.

ಪ್ರವಾಸದ ಫಲ ಕಂಡ ಸ್ಥಳಗಳ ಎಣಿಕೆಯಲ್ಲಿಲ್ಲ. ವಿಗ್ರಹವನ್ನು ಎರಕ ಹೊಯ್ದವರು, ಹೆಂಚು ಸುಟ್ಟವರು, ಅನ್ನ ಬೇಯಿಸಿದವರು ಯಾರೆಂದು ಕೇಳುವ ಮನಸ್ಸು ಮೂಡಿದರೆ, ಜೊತೆಯಲ್ಲಿಯೇ ಇದ್ದು ದುಡಿದವರ ಶ್ರಮವೂ ಕಣ್ಣಿಗೆ ಬೀಳುತ್ತದೆ. ಊರಿಗೆ ಮರಳಿದ ದಿನದಿಂದ ಆ ಮನೆಯಲ್ಲಿ ಊಟಕ್ಕೆ ಎರಡು ತಟ್ಟೆಗಳನ್ನು ಒಟ್ಟಿಗೇ ಇಡಲಾಗುತ್ತಿದೆ.