ಉಪ್ಪು ನಿಂತಾಗ ಮತ್ತು ತೊಗರಿ ಬಂದಾಗ

2021ರ ಫೆಬ್ರವರಿ. ತೊಗರಿ ರಾಶಿ ಮುಗಿಸಿ ನಾಲ್ಕು ಚೀಲ ಹೇರಿಕೊಂಡು ದುಧನಿ ಮಾರ್ಕೆಟ್‌ಗೆ ಹೋಗಿದ್ದೆ. ಅಡತಿ ಅಂಗಡಿ ಕಟ್ಟೆ ಮೇಲೆ ಒಬ್ಬರು ಪೇಪರ್ ಓದುತ್ತ, "ಬರ್ಮಾದಾಗ ಮಿಲಿಟರಿಯವರು ಸರ್ಕಾರ ಕಸಗೊಂಡಾರ" ಅಂದರು. ಚುನಾವಣೆ ಗೆದ್ದಿದ್ದ ಆಂಗ್ ಸಾನ್ ಸೂ ಕಿ ಅವರನ್ನು ಫೆಬ್ರವರಿ 1ಕ್ಕೆ ಸೈನ್ಯ ಹಿಡಿದು ಒಳಗೆ ಹಾಕಿತ್ತು. ಅಮೇರಿಕ, ಇಂಗ್ಲೆಂಡ್‌ನವರು ನಿರ್ಬಂಧ ಹಾಕ್ತಾರಂತ ಅನ್ನೋದು ಕೇಳಿದ ಕೂಡಲೇ ನನ್ನ ಬಾಯಿಂದ ಬಂದ ಮಾತು: "ಹಾಂಗಾದ್ರ ಬರ್ಮಾ ತೊಗರಿ ಬರಂಗಿಲ್ಲ. ನಮ್ಮ ರೇಟು ಏರತದ."

ಎಲ್ಲರೂ ನಕ್ಕರು, ನಾನೂ ನಕ್ಕೆ. ರಾತ್ರಿ ಉಣ್ಣಲಿಕ್ಕೆ ಕುಂತಾಗ ತೀರಿಹೋದ ನಮ್ಮವ್ವ ನೆನಪಾದಳು.

ಅವ್ವನ ತವರು ಆಳಂದ ಕಡೆಯ ಹಳ್ಳಿ. ಆಗ ಅದು ನಿಜಾಮನ ಸೀಮೆ. ನಮ್ಮೂರು ಈಚೆ, ಮುಂಬೈ ಪ್ರಾಂತದಲ್ಲಿ. ನಿಜಾಮನಿಗೂ ಭಾರತ ಸರ್ಕಾರಕ್ಕೂ 1947ರ ನವೆಂಬರ್ 29ಕ್ಕೆ ಒಂದು ವರ್ಷದ ಯಥಾಸ್ಥಿತಿ ಒಪ್ಪಂದವಾಗಿತ್ತು. ಆದರೆ ಕಾಸಿಮ್ ರಜ್ವಿಯ ರಜಾಕಾರರ ಹಾವಳಿ ಹೆಚ್ಚುತ್ತಲೇ ಹೋಯಿತು. 1948ರ ಮೇ 22ಕ್ಕೆ ನಮ್ಮ ಹತ್ತಿರದ ಗಾಣಗಾಪುರ ಸ್ಟೇಷನ್ನಿನಲ್ಲೇ ಮದ್ರಾಸ್-ಮುಂಬೈ ಮೇಲ್ ಗಾಡಿ ಮೇಲೆ ಬಿದ್ದು ಜನರನ್ನು ಕೊಂದರು. ಭಾರತ ಸರ್ಕಾರ ಅತ್ತ ಹೋಗುವ ಸಾಮಾನು ಬಿಗಿ ಮಾಡಿತು. ನಿಜಾಮನ ರಾಜ್ಯಕ್ಕೆ ಸಮುದ್ರವಿಲ್ಲ, ಸುತ್ತಲೂ ಭಾರತದ ನೆಲ. ಹೀಗಾಗಿ ಬಾಗಿಲು ಹಾಕುವುದು ಸುಲಭವಿತ್ತು.

ಅವ್ವ ಆಗ ಹತ್ತು ಹನ್ನೊಂದರ ಹುಡುಗಿ. "ಉಪ್ಪಿಲ್ಲದ ಅಂಬಲಿ ಕುಡದೀವಿ ಮಗಾ" ಅಂತಿದ್ದಳು. "ಚಿಮಣಿ ಎಣ್ಣಿ ಇಲ್ಲ, ಹೊತ್ತು ಮುಳಗೂದ್ರಾಗ ಉಂಡು ಮಲಗೂದು. ಆದ್ರ ರಜಾಕಾರರ ಸಾರಿನಾಗ ಉಪ್ಪು ಕಡಿಮಿ ಆಗಿದ್ದು ನಾ ಕೇಳಿಲ್ಲ."

ರಜಾಕಾರರಿಗೆ ಉಪ್ಪಷ್ಟೇ ಅಲ್ಲ, ಬಂದೂಕಿಗೂ ಕೊರತೆಯಾಗಲಿಲ್ಲ. ಸಿಡ್ನಿ ಕಾಟನ್ ಎಂಬ ಆಸ್ಟ್ರೇಲಿಯಾದವನು ಕರಾಚಿಯಿಂದ ರಾತ್ರಿ ವಿಮಾನದಲ್ಲಿ ಹೈದರಾಬಾದಿಗೆ ಹತ್ಯಾರ ತಂದು ಇಳಿಸುತ್ತಿದ್ದ. ನೆಲದ ಬಾಗಿಲು ಹಾಕಿದರೂ ಆಕಾಶದ ಬಾಗಿಲು ತೆರೆದೇ ಇತ್ತು. ಕೊನೆಗೆ ಸೆಪ್ಟೆಂಬರ್ 13ಕ್ಕೆ ಸೊಲ್ಲಾಪುರ ಕಡೆಯಿಂದ ಸೈನ್ಯ ಒಳಗೆ ಹೋಯಿತು, 17ಕ್ಕೆ ನಿಜಾಮ ಶರಣಾದ. ಆ ಗದ್ದಲದಲ್ಲಿ ಯಾವ ತಪ್ಪೂ ಮಾಡದ ಎಷ್ಟೋ ಮುಸಲ್ಮಾನ ಮನೆತನಗಳು ಹಾಳಾದವು. ಅದನ್ನೂ ಅವ್ವ ಅಳುತ್ತಲೇ ಹೇಳುತ್ತಿದ್ದಳು.

ಈಗ ಬರ್ಮಾಕ್ಕೆ ಬರೋಣ. 2021ರ ಜೂನ್ 18ಕ್ಕೆ ವಿಶ್ವಸಂಸ್ಥೆಯಲ್ಲಿ, ಬರ್ಮಾಕ್ಕೆ ಹತ್ಯಾರ ಹೋಗದಂತೆ ತಡೆಯಬೇಕು ಅಂತ ಠರಾವು ಆಯಿತು. 119 ದೇಶ ಹೌದು ಅಂದವು, ಒಂದು ಬೇಡ ಅಂದಿತು, 36 ಸುಮ್ಮನೆ ಕುಂತವು. ಸುಮ್ಮನೆ ಕುಂತವರಲ್ಲಿ ಚೀನಾ, ರಷ್ಯಾ, ಥಾಯ್ಲೆಂಡ್ ಇದ್ದವು, ನಮ್ಮ ಭಾರತವೂ ಇತ್ತು. ಅದೇ ಜೂನ್ ತಿಂಗಳಲ್ಲಿ ಭಾರತ ಬರ್ಮಾದೊಂದಿಗೆ ಒಪ್ಪಂದ ಮಾಡಿಕೊಂಡಿತು: ಐದು ವರ್ಷ, ವರ್ಷಕ್ಕೆ 1 ಲಕ್ಷ ಟನ್ ತೊಗರಿ, 2.5 ಲಕ್ಷ ಟನ್ ಉದ್ದು ಖರೀದಿ. ಸರ್ಕಾರದ ಲೆಕ್ಕವೂ ಇರುತ್ತದೆ. ಬೇಳೆ ತುಟ್ಟಿಯಾದರೆ ಬಡವನ ತಾಟು ಬರಿದು. ಮಿಜೋರಾಂ, ಮಣಿಪುರದ ಗಡಿ ಆ ದೇಶಕ್ಕೆ ಹತ್ತಿಕೊಂಡೇ ಇದೆ.

ನಾನು ಗೀಗೀ ಪದ ಹಾಡುವವ. ಮುಂದಿನವ ಎಷ್ಟೇ ಏರಿಸಿ ಹಾಡಲಿ, ಹಿಂದಿನ ಇಬ್ಬರು ಗೀಗೀ ಎತ್ತಿಕೊಳ್ಳದಿದ್ದರೆ ಪದ ಬಿದ್ದುಹೋಗುತ್ತದೆ. ನಿರ್ಬಂಧವೂ ಹಾಗೇ. ದೂರದ ಅಮೇರಿಕ ಕೂಗಿದರೆ ಸಾಲದು, ಬದಿಮನೆಯವರು ದನಿ ಕೂಡಿಸಬೇಕು.

ಹಾಗಂತ ಎಲ್ಲವನ್ನೂ ನಿಲ್ಲಿಸಬೇಕೇನು? ಬರ್ಮಾದಲ್ಲಿ ತೊಗರಿ ಬೆಳೆಯುವುದು ಸಗಾಯಿಂಗ್, ಮಗ್ವೇ, ಮಾಂಡಲೆ ಕಡೆಯ ಒಣ ಸೀಮೆಯಲ್ಲಿ. ಅದೇ ಮಾಂಡಲೆ, ತಿಲಕರನ್ನು ಇಂಗ್ರೇಜರು ಸೆರೆ ಇಟ್ಟಿದ್ದ ಊರು. ಅಲ್ಲಿಯ ರೈತನೂ ನನ್ನಂತೆ ಮಳೆ ನೋಡುತ್ತ ಕುಂತವನೇ. ಸಗಾಯಿಂಗ್‌ನಲ್ಲಂತೂ ಸೈನ್ಯ ಅವನ ಹಳ್ಳಿಗಳನ್ನೇ ಸುಡುತ್ತ ಬಂದಿದೆ. ಅವನ ತೊಗರಿ ನಿಲ್ಲಿಸಿದರೆ ಜನರಲ್‌ನ ಸಾರಿನಲ್ಲಿ ಉಪ್ಪು ಕಡಿಮೆ ಆಗುವುದಿಲ್ಲ. ನಿಲ್ಲಬೇಕಾದದ್ದು ಹತ್ಯಾರ, ಬಾಂಬ್ ಹಾಕುವ ವಿಮಾನದ ಎಣ್ಣೆ, ದೊಡ್ಡ ಅಧಿಕಾರಿಗಳ ಬ್ಯಾಂಕಿನ ದುಡ್ಡು. ಇವನ್ನು ನಿಲ್ಲಿಸುವಾಗ ನಮ್ಮ ದೇಶ ಸುಮ್ಮನೆ ಕುಂತದ್ದು ನನಗೆ ಸರಿ ಕಾಣಲಿಲ್ಲ.

ಈಗಲೂ ಮಾರ್ಕೆಟ್‌ನಲ್ಲಿ ಯಾರಾದರೂ ಬರ್ಮಾ ಮಾಲು ಬಂದ್ ಆಗಬೇಕು ಅಂದರೆ ನಾನು ಕೇಳುತ್ತೇನೆ: "ಯಾಕಪ್ಪಾ, ಅಲ್ಲಿ ಮಂದಿ ಸಲುವಾಗೋ, ನಮ್ಮ ರೇಟಿನ ಸಲುವಾಗೋ? ರೇಟಿನ ಸಲುವಾಗಿ ಅಂದ್ರ ಬೆಂಬಲ ಬೆಲಿ ಕೇಳಮು, ಹೊರಗಿನ ಮಾಲಿಗಿ ಸುಂಕ ಹಾಕ್ರಿ ಅಂತ ಕೇಳಮು. ಅದು ನಮ್ಮ ಹಕ್ಕು. ಅದಕ್ಕ ಅವರ ದುಃಖದ ಹೆಸರು ಬ್ಯಾಡ."

ಆ ಮಾತು ಮೊದಲು ಹೇಳಿಕೊಂಡದ್ದು ನನಗೇ.